ಐದು ಮೂಲೆಯ ಪೈರೈಟ್ ಕ್ವಾಸಿಕ್ರಿಸ್ಟಲ್ ಆಗಬಹುದೇ?

ಪ್ರಶ್ನೆ: ನನ್ನ ಬಳಿ ಒಂದು ಪೈರೈಟ್ ಹರಳಿದೆ. ಅದಕ್ಕೆ ಹನ್ನೆರಡು ಮುಖ, ಪ್ರತಿ ಮುಖಕ್ಕೂ ಐದು ಮೂಲೆ. ಸಾಮಾನ್ಯ ಹರಳುಗಳಲ್ಲಿ ಐದರ ಸಮಮಿತಿ ಇರುವುದಿಲ್ಲ, ಇದ್ದರೆ ಅದು ಕ್ವಾಸಿಕ್ರಿಸ್ಟಲ್ ಎಂದು ಓದಿದ್ದೇನೆ. ಹಾಗಾದರೆ ನನ್ನ ಹರಳು ಕ್ವಾಸಿಕ್ರಿಸ್ಟಲ್ಲೇ? ಅಲ್ಲದಿದ್ದರೆ, ಅಂಥ ಖನಿಜ ನಿಸರ್ಗದಲ್ಲಿ ಎಲ್ಲಿ ಸಿಗುತ್ತದೆ? ಸಿಕ್ಕಿದ್ದು ಮನುಷ್ಯರು ಮಾಡಿದ್ದಲ್ಲ ಎಂದು ಹೇಗೆ ಹೇಳುತ್ತಾರೆ?

ಉತ್ತರ: ನಿಮ್ಮ ಹರಳು ಕ್ವಾಸಿಕ್ರಿಸ್ಟಲ್ ಅಲ್ಲ. ಇದನ್ನು ಹೇಳಲು ಲ್ಯಾಬ್ ಬೇಕಿಲ್ಲ, ಒಂದು ಸ್ಕೇಲು ಸಾಕು. ಒಂದು ಮುಖದ ಐದೂ ಅಂಚುಗಳನ್ನು ಅಳೆಯಿರಿ. ಹರಳು ಚೆನ್ನಾಗಿ ಬೆಳೆದಿದ್ದರೆ ನಾಲ್ಕು ಅಂಚು ಒಂದೇ ಉದ್ದ ಇರುತ್ತವೆ. ಐದನೆಯದು ಅವಕ್ಕಿಂತ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜಾಸ್ತಿ. ಕೋನಗಳನ್ನೂ ನೋಡಿ. ಸರಿಯಾದ ಪಂಚಭುಜದಲ್ಲಿ ಐದೂ ಕೋನ 108 ಡಿಗ್ರಿ. ಪೈರೈಟಿನ ಮುಖದಲ್ಲಿ ಒಂದು ಕೋನ 121.6 ಡಿಗ್ರಿ, ಎರಡು 106.6, ಇನ್ನೆರಡು 102.6. ಹೀಗಾಗಿ ಆ ಮುಖವನ್ನು 72 ಡಿಗ್ರಿ ತಿರುಗಿಸಿದರೆ ಅದು ಮೊದಲಿನ ಹಾಗೆ ಕಾಣುವುದಿಲ್ಲ. ಮೂಲೆ ಐದು, ಸಮಮಿತಿ ಐದರದ್ದಲ್ಲ.

ಇನ್ನೊಂದು ಮಜಾ ಇದೆ. ಆ ಉದ್ದನೆಯ ಅಂಚುಗಳನ್ನು ಮಾತ್ರ ಹುಡುಕಿ ಎಣಿಸಿ. ಒಟ್ಟು ಆರು ಸಿಗುತ್ತವೆ. ಎದುರುಬದುರಿನ ಎರಡೆರಡು ಅಂಚು ಒಂದೇ ದಿಕ್ಕಿಗೆ. ಅಂಥ ದಿಕ್ಕು ಮೂರು, ಮೂರೂ ಒಂದಕ್ಕೊಂದು ಲಂಬ. ಅಂದರೆ ನಿಮ್ಮ ಕೈಯಲ್ಲಿರುವುದು ಒಂದು ಘನದ ದಿಕ್ಕುಗಳೇ. ಪೈರೈಟಿನ ಒಳಗೆ ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಘನಾಕಾರದಲ್ಲೇ ಜೋಡಿಸಿಕೊಂಡಿರುತ್ತವೆ. ಅದೇ ಖನಿಜ ಇನ್ನೊಂದು ಕಡೆ ಅಚ್ಚುಕಟ್ಟಾದ ಚೌಕ ಮುಖದ ಘನವಾಗಿಯೂ ಬೆಳೆಯುತ್ತದೆ.

ಹೊರಗಿನ ಆಕಾರ ಸುಳಿವು ಅಷ್ಟೇ. ತೀರ್ಮಾನ ಮಾಡುವುದು ಒಳಗಿನ ಪರಮಾಣುಗಳ ಜೋಡಣೆ. ಮಾಮೂಲಿ ಹರಳಿನಲ್ಲಿ ಒಂದು ಪುಟ್ಟ ಘಟಕ ನೆಲಕ್ಕೆ ಹಾಸಿದ ಟೈಲ್ಸ್ ಹಾಗೆ ಎಲ್ಲ ದಿಕ್ಕಿಗೂ ಮತ್ತೆ ಮತ್ತೆ ಬರುತ್ತದೆ. ಹೀಗೆ ಮರುಕಳಿಸುವ ಜೋಡಣೆಗೆ ಎರಡು, ಮೂರು, ನಾಲ್ಕು, ಆರರ ಸಮಮಿತಿ ಒಗ್ಗುತ್ತದೆ. ಐದು ಒಗ್ಗುವುದಿಲ್ಲ. ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಕಾರಣ ಸಣ್ಣದು, ಹೇಳಿಬಿಡುತ್ತೇನೆ.

ಜೋಡಣೆ ಮರುಕಳಿಸುತ್ತದೆ ಎಂದರೆ, ಇಂತಿಷ್ಟು ದೂರ ಸರಿದರೆ ಎಲ್ಲವೂ ಮೊದಲಿನ ಹಾಗೇ ಕಾಣುವ ಒಂದು ಹೆಜ್ಜೆ ಇದೆ ಎಂದರ್ಥ. ಅಂಥ ಹೆಜ್ಜೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಹಿಡಿಯಿರಿ. ಅದರ ಉದ್ದ 1 ಎಂದುಕೊಳ್ಳಿ. ಐದರ ಸಮಮಿತಿ ಇದ್ದರೆ ಆ ಹೆಜ್ಜೆಯನ್ನು 72 ಡಿಗ್ರಿ ತಿರುಗಿಸಿ ಇಟ್ಟರೂ ನಡೆಯಬೇಕು, 144 ಡಿಗ್ರಿ ತಿರುಗಿಸಿದರೂ ನಡೆಯಬೇಕು. ಈಗ ಮೊದಲ ದಿಕ್ಕಿಗೆ ಒಂದು ಹೆಜ್ಜೆ ಇಟ್ಟು, ಅಲ್ಲಿಂದ 144 ಡಿಗ್ರಿಯ ದಿಕ್ಕಿಗೆ ಇನ್ನೊಂದು ಹೆಜ್ಜೆ ಇಡಿ. ಹೊರಟ ಜಾಗದಿಂದ ನೀವು ಈಗ 0.618 ದೂರದಲ್ಲಿದ್ದೀರಿ. ಎಲ್ಲಕ್ಕಿಂತ ಚಿಕ್ಕ ಹೆಜ್ಜೆ 1 ಎಂದು ಹೇಳಿ, ಅದಕ್ಕಿಂತ ಚಿಕ್ಕದು ಸಿಕ್ಕಿಬಿಟ್ಟಿತು. ಲೆಕ್ಕ ಅಲ್ಲೇ ಮುರಿಯಿತು. ಆರರ ಸಮಮಿತಿಯಲ್ಲಿ ಇದೇ ಆಟ ಆಡಿ ನೋಡಿ. 120 ಡಿಗ್ರಿ ತಿರುಗಿ ಎರಡನೇ ಹೆಜ್ಜೆ ಇಟ್ಟರೆ ಸರಿಯಾಗಿ 1 ಬರುತ್ತದೆ, ಏನೂ ತೊಂದರೆಯಿಲ್ಲ.

ಈ ವಾದ ಗಟ್ಟಿಯಾದದ್ದು. ಇವತ್ತಿಗೂ ಯಾರೂ ಅದನ್ನು ಸುಳ್ಳು ಮಾಡಿಲ್ಲ. ಆದರೆ ಅದರಲ್ಲಿ ಒಂದು ಷರತ್ತು ಅಡಗಿದೆ: ಜೋಡಣೆ ಮರುಕಳಿಸಬೇಕು. ಮರುಕಳಿಸದೆಯೂ ಶಿಸ್ತಾಗಿರುವ ಜೋಡಣೆ ಇದ್ದರೆ? ಕ್ವಾಸಿಕ್ರಿಸ್ಟಲ್ ನುಸುಳುವುದು ಇದೇ ಸಂದಿಯಲ್ಲಿ.

ಮರುಕಳಿಸದ ಶಿಸ್ತು ಎಂದರೆ ಏನು ಎಂದು ಒಂದು ಸಾಲಿನಲ್ಲಿ ನೋಡೋಣ. ದೊಡ್ಡ ಅಂತರಕ್ಕೆ ‘ದೊ’, ಚಿಕ್ಕ ಅಂತರಕ್ಕೆ ‘ಚಿ’ ಎನ್ನೋಣ. ನಿಯಮ ಎರಡೇ. ಪ್ರತಿ ‘ದೊ’ ಇರುವಲ್ಲಿ ‘ದೊ ಚಿ’ ಬರೆಯಿರಿ. ಪ್ರತಿ ‘ಚಿ’ ಇರುವಲ್ಲಿ ‘ದೊ’ ಬರೆಯಿರಿ. ‘ದೊ’ದಿಂದ ಶುರುಮಾಡಿದರೆ ‘ದೊ ಚಿ’, ಆಮೇಲೆ ‘ದೊ ಚಿ ದೊ’, ಆಮೇಲೆ ‘ದೊ ಚಿ ದೊ ದೊ ಚಿ’, ಮುಂದೆ ‘ದೊ ಚಿ ದೊ ದೊ ಚಿ ದೊ ಚಿ ದೊ’. ಎಷ್ಟು ಉದ್ದ ಬೆಳೆಸಿದರೂ ಎರಡು ‘ಚಿ’ ಪಕ್ಕಪಕ್ಕ ಬರುವುದಿಲ್ಲ, ಮೂರು ‘ದೊ’ ಒಟ್ಟಿಗೆ ಬರುವುದಿಲ್ಲ. ಯಾವ ತುಂಡೂ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವುದಿಲ್ಲ. ಆದರೂ ಮುಂದೆ ಏನು ಬರಬೇಕು ಎನ್ನುವುದು ಮೊದಲೇ ನಿಗದಿ. ‘ದೊ’ಗಳನ್ನು ‘ಚಿ’ಗಳಿಂದ ಭಾಗಿಸುತ್ತಾ ಹೋದರೆ ಉತ್ತರ 1.618ರ ಹತ್ತಿರ ಬರುತ್ತದೆ. ಮೇಲೆ ನೋಡಿದ 0.618ರ ನೆಂಟನೇ ಇದು. ಈ ಥರದ ಜೋಡಣೆಯ ಮೂಲಕ ಎಲೆಕ್ಟ್ರಾನ್ ಕಿರಣ ಹಾಯಿಸಿದರೆ, ಆ ಕಡೆಯ ತೆರೆಯ ಮೇಲೆ ಮಾಮೂಲಿ ಹರಳಿನಲ್ಲಿ ಬರುವಷ್ಟೇ ಚೂಪಾದ ಚುಕ್ಕೆಗಳು ಮೂಡುತ್ತವೆ. ಗಾಜಿನಂಥ ಅಡ್ಡಾದಿಡ್ಡಿ ವಸ್ತುವಿನಲ್ಲಿ ಬರುವುದು ಮಸುಕು ಬಳೆಗಳು ಮಾತ್ರ.

1982ರ ಏಪ್ರಿಲ್ 8ರಂದು ಡ್ಯಾನ್ ಶೆಖ್ಟ್‌ಮನ್ ಕಂಡಿದ್ದು ಇಂಥ ಚುಕ್ಕೆಗಳನ್ನೇ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಅವರು ಅಲ್ಯೂಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹವನ್ನು ಕರಗಿಸಿ ದಿಢೀರನೆ ತಣ್ಣಗೆ ಮಾಡಿ ನೋಡುತ್ತಿದ್ದರು. ಒಂದು ಸುತ್ತಿನಲ್ಲಿ ಹತ್ತು ಚುಕ್ಕೆ ಬಂದವು. ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡರು. ಪ್ರಕಟವಾಗಲು 1984 ಬಂತು, ರಸಾಯನಶಾಸ್ತ್ರದ ನೊಬೆಲ್ ಬರಲು 2011. ನಡುವೆ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಅಂಥ ದಿಗ್ಗಜರೇ ಇದನ್ನು ಒಪ್ಪಲಿಲ್ಲ. ಹಲವು ಮಾಮೂಲಿ ಹರಳುಗಳು ಓರೆಯಾಗಿ ಅಂಟಿಕೊಂಡು ಐದರ ಭ್ರಮೆ ಹುಟ್ಟಿಸುತ್ತಿವೆ ಎಂದು ಕೊನೆಯವರೆಗೂ ವಾದಿಸಿದರು. ಸುಮ್ನೆ ಹಟಕ್ಕೆ ಹೇಳಿದ ಮಾತಲ್ಲ ಅದು. ಅಂಥ ಅಂಟುಹರಳುಗಳು ನಿಜವಾಗಿಯೂ ಇವೆ.

ನಿಮ್ಮ ಎರಡನೇ ಪ್ರಶ್ನೆಗೆ ಇದಕ್ಕಿಂತ ಮುಖ್ಯವಾದದ್ದು 1987. ಆ ವರ್ಷ ಆನ್-ಪಾಂಗ್ ತ್ಸಾಯ್ ಮತ್ತು ಅವರ ಜೊತೆಯವರು ಜಪಾನಿನಲ್ಲಿ ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಸೇರಿಸಿ ಒಂದು ಕ್ವಾಸಿಕ್ರಿಸ್ಟಲ್ ಮಾಡಿದರು. ಇದನ್ನು ದಿಢೀರನೆ ತಣ್ಣಗೆ ಮಾಡಬೇಕಿರಲಿಲ್ಲ. ನಿಧಾನವಾಗಿ ತಣಿದರೂ ಕೆಡಲಿಲ್ಲ, ಮತ್ತೆ ಕಾಯಿಸಿದರೂ ಮಾಮೂಲಿ ಹರಳಾಗಿ ಬದಲಾಗಲಿಲ್ಲ. ಇಂಥ ಲೋಹಗಳನ್ನು ಲ್ಯಾಬಿನಲ್ಲಿ ಚೆನ್ನಾಗಿ ಬೆಳೆಸಿದರೆ ಹನ್ನೆರಡು ಮುಖದ ಹರಳುಗಳೂ ಬರುತ್ತವೆ. ಅವುಗಳ ಮುಖ ನಿಜವಾದ ಪಂಚಭುಜ, ಐದೂ ಅಂಚು ಸಮ. ಕ್ವಾಸಿಕ್ರಿಸ್ಟಲ್ ಇಷ್ಟು ಗಟ್ಟಿ ಜೀವದ್ದಾದರೆ ನಿಸರ್ಗವೂ ಅದನ್ನು ಮಾಡಿರಬೇಕಲ್ವಾ?

ಈ ಯೋಚನೆ ಹೊತ್ತು ಹುಡುಕಲು ಹೊರಟವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪಾಲ್ ಸ್ಟೈನ್‌ಹಾರ್ಟ್. ಕ್ವಾಸಿಕ್ರಿಸ್ಟಲ್ ಎಂಬ ಹೆಸರು ಕೊಟ್ಟ ಇಬ್ಬರಲ್ಲಿ ಅವರೂ ಒಬ್ಬರು. ಮೊದಲು ಪೀಟರ್ ಲೂ ಮತ್ತು ಇತರರ ಜೊತೆ ಸೇರಿ ಸಾವಿರಾರು ಖನಿಜಗಳ ಎಕ್ಸ್‌ರೇ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿದರು. 2001ರಲ್ಲಿ ಆ ಹುಡುಕಾಟದ ವರದಿ ಬಂತು. ಏನೂ ಸಿಕ್ಕಿರಲಿಲ್ಲ. 2007ರಲ್ಲಿ ಫ್ಲಾರೆನ್ಸ್ ವಸ್ತುಸಂಗ್ರಹಾಲಯದ ಖನಿಜತಜ್ಞ ಲೂಕಾ ಬಿಂದಿ ಕೈಜೋಡಿಸಿದರು. ಅವರ ಸಂಗ್ರಹದಲ್ಲಿ ಖಾಟಿರ್ಕೈಟ್ ಎಂಬ ಅಪರೂಪದ ಖನಿಜದ ಒಂದು ಚೂರಿತ್ತು. ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ ಖನಿಜ. ಬಂದಿದ್ದು ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾದಿಂದ. ಇಡೀ ಚೂರಿನ ಅಗಲ ಮೂರು ಮಿಲಿಮೀಟರ್. ಅದನ್ನು ತೆಳುವಾಗಿ ಕತ್ತರಿಸಿ ಪರೀಕ್ಷೆ ಮಾಡಿದ್ದರಿಂದ ಬಹುಪಾಲು ಹಾಳಾಯಿತು. ಉಳಿದ ಕಣಗಳು ಪ್ರಿನ್ಸ್‌ಟನ್ನಿಗೆ ಹೋದವು. 2009ರ ಜನವರಿ 2ರ ಬೆಳಗ್ಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಐದರ ಸಮಮಿತಿಯ ಚುಕ್ಕೆಗಳು ಮೂಡಿದವು. ನೂರು ಪರಮಾಣುಗಳಲ್ಲಿ 63 ಅಲ್ಯೂಮಿನಿಯಂ, 24 ತಾಮ್ರ, 13 ಕಬ್ಬಿಣ. ತ್ಸಾಯ್ ಲ್ಯಾಬಿನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದೇ.

ಇಲ್ಲೇ ಕಥೆ ಮುಗಿಯಬೇಕಿತ್ತು. ಆದರೆ ನನ್ನ ಪ್ರಕಾರ ನಿಜವಾದ ವಿಜ್ಞಾನ ಶುರುವಾಗುವುದು ಇಲ್ಲಿಂದಲೇ. ಲ್ಯಾಬಿನ ವಸ್ತುವಿಗೆ ಅಷ್ಟೊಂದು ಹೋಲುತ್ತದೆ ಎನ್ನುವುದೇ ಅನುಮಾನಕ್ಕೆ ಕಾರಣ. ಭೂವಿಜ್ಞಾನಿ ಲಿಂಕನ್ ಹಾಲಿಸ್ಟರ್ ಬಳಿ ಸ್ಟೈನ್‌ಹಾರ್ಟ್ ಇದನ್ನು ಒಯ್ದಾಗ, ಇದು ಸಾಧ್ಯವೇ ಇಲ್ಲ ಎಂಬ ಉತ್ತರ ಬಂತು. ಅವರ ತಕರಾರು ಐದರ ಸಮಮಿತಿಯ ಬಗ್ಗೆ ಅಲ್ಲ, ಅಲ್ಯೂಮಿನಿಯಂ ಬಗ್ಗೆ.

ಭೂಮಿಯ ಹೊರಪದರದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಲೋಹ ಅಲ್ಯೂಮಿನಿಯಂ. ತೂಕದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು. ಆದರೆ ಅದು ಬಿಡಿ ಲೋಹವಾಗಿ ಇರುವುದಿಲ್ಲ ಎಂದೇ ಹೇಳಬೇಕು. ಜೇಡಿಮಣ್ಣಿರಲಿ, ಫೆಲ್ಡ್‌ಸ್ಪಾರ್ ಇರಲಿ, ಮಾಣಿಕ್ಯವೇ ಇರಲಿ, ಎಲ್ಲದರಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕಾರ್ಖಾನೆಯಲ್ಲಿ ಅದನ್ನು ಬಿಡಿಸಲು ಆಕ್ಸೈಡನ್ನು ಸುಮಾರು 950 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಲವಣದಲ್ಲಿ ಬೆರೆಸಿ ಭಾರೀ ವಿದ್ಯುತ್ ಹಾಯಿಸಬೇಕು. ಅದರ ಮೇಲೆ ತಾಮ್ರದ ಸಮಸ್ಯೆ. ಅಲ್ಯೂಮಿನಿಯಂ ಆಮ್ಲಜನಕದ ಕಡೆ ಹೋದರೆ ತಾಮ್ರ ಗಂಧಕದ ಕಡೆ ಹೋಗುತ್ತದೆ. ಬಂಡೆಗಳಲ್ಲಿ ಇವೆರಡೂ ಒಂದೇ ಕಡೆ ಲೋಹವಾಗಿ ಕೂಡುವುದು ಹೇಗೆ? ಯಾವುದೋ ಕಾರ್ಖಾನೆಯ ಕಿಟ್ಟ ಇರಬೇಕು ಎಂದು ಅನುಮಾನಿಸುವುದೇ ಬುದ್ಧಿವಂತಿಕೆ. ನಾನಾಗಿದ್ದರೂ ಮೊದಲು ಹಾಗೇ ಹೇಳುತ್ತಿದ್ದೆ.

ಅನುಮಾನ ಸಡಿಲವಾಗಿದ್ದು ಒಂದು ತೀರಾ ಸಣ್ಣ ಕಣದಿಂದ. ಅದೇ ಚೂರಿನಲ್ಲಿ ಸ್ಟಿಶೊವೈಟ್ ಸಿಕ್ಕಿತು. ಇದು ಮರಳಿನಲ್ಲಿರುವ ಸಿಲಿಕಾದ್ದೇ ಇನ್ನೊಂದು ರೂಪ, ಆದರೆ ಇದಾಗಲು ವಾತಾವರಣದ ಒತ್ತಡದ ಸುಮಾರು ಒಂದು ಲಕ್ಷ ಪಟ್ಟು ಒತ್ತಡ ಬೇಕು. ಅಲ್ಯೂಮಿನಿಯಂ ಕುಲುಮೆಯಲ್ಲಿ ಅಂಥ ಒತ್ತಡ ಬರುವುದಿಲ್ಲ. ಆ ಸ್ಟಿಶೊವೈಟ್ ಕಣದ ಹೊಟ್ಟೆಯೊಳಗೇ ಕ್ವಾಸಿಕ್ರಿಸ್ಟಲ್ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿದ್ದರೆ ಆಮೇಲೆ ಬಂದು ಅಂಟಿಕೊಂಡಿದೆ ಎನ್ನಬಹುದಿತ್ತು. ಒಳಗಿದೆ ಎಂದರೆ ಸ್ಟಿಶೊವೈಟ್ ಆಗುವ ಹೊತ್ತಿಗೆ ಅದೂ ಅಲ್ಲೇ ಇತ್ತು ಎಂದರ್ಥ.

ಅದರ ಬೆನ್ನಿಗೇ ಆಮ್ಲಜನಕದ ಸಾಕ್ಷಿ ಬಂತು. ಆಮ್ಲಜನಕದಲ್ಲಿ 16, 17, 18 ಎಂಬ ಮೂರು ತೂಕದ ಪರಮಾಣುಗಳಿವೆ. ಭೂಮಿಯ ಬಂಡೆಗಳಲ್ಲಿ ಇವುಗಳ ಅನುಪಾತ ಒಂದು ನಿಗದಿತ ಗೆರೆಯ ಮೇಲೆ ಬರುತ್ತದೆ. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಲೋಹಕ್ಕೆ ಅಂಟಿದ್ದ ಖನಿಜಗಳನ್ನು ಅಳೆದಾಗ ಅನುಪಾತ ಆ ಗೆರೆ ಬಿಟ್ಟು ದೂರ ಬಿತ್ತು. ಬಿದ್ದ ಜಾಗ ಇಂಗಾಲ ಹೆಚ್ಚಿರುವ ಒಂದು ಬಗೆಯ ಹಳೇ ಉಲ್ಕಾಶಿಲೆಗಳದ್ದು. ಅಂದರೆ ಚೂರು ಬಂದದ್ದು ಆಕಾಶದಿಂದ. 2010ರಲ್ಲಿ ಅಂತರರಾಷ್ಟ್ರೀಯ ಖನಿಜ ಸಂಘಟನೆ ಇದನ್ನು ಹೊಸ ಖನಿಜವೆಂದು ಒಪ್ಪಿತು. ಹೆಸರು ಐಕೊಸಾಹೆಡ್ರೈಟ್.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಮೂಲ ಜಾಗಕ್ಕೇ ಹೋಗಬೇಕಿತ್ತು. ಪುಣ್ಯಕ್ಕೆ, 1979ರಲ್ಲಿ ಪ್ಲಾಟಿನಂ ಹುಡುಕುತ್ತಾ ಒಂದು ತೊರೆಯ ಮಣ್ಣು ಜಾಲಿಸಿ ಈ ಚೂರುಗಳನ್ನು ತೆಗೆದಿದ್ದ ವಾಲೆರಿ ಕ್ರಿಯಾಚ್ಕೊ ಸಿಕ್ಕಿದರು. 2011ರ ಬೇಸಿಗೆಯಲ್ಲಿ ಅವರೇ ತಂಡಕ್ಕೆ ದಾರಿ ತೋರಿಸಿದರು. ಟ್ಯಾಂಕಿನಂಥ ಪಟ್ಟಿಚಕ್ರದ ಎರಡು ಗಾಡಿಗಳಲ್ಲಿ ದಾರಿಯೇ ಇಲ್ಲದ ತಂಡ್ರಾ ದಾಟಿ, ತೊರೆಯ ದಡದಲ್ಲಿ ಸುಮಾರು ಒಂದೂವರೆ ಟನ್ ಜೇಡಿಮಣ್ಣನ್ನು ಕೈಯಲ್ಲೇ ತೊಳೆದು ಜಾಲಿಸಿದರು. ಉಲ್ಕೆಯ ಚೂರುಗಳು ಸಿಕ್ಕವು. ಯಾರೂ ಕೆದಕದ ಜೇಡಿ ಪದರದೊಳಗೂ ಸಿಕ್ಕವು. ಆ ಪದರದಲ್ಲಿದ್ದ ಇಂಗಾಲದ ವಯಸ್ಸು ಸುಮಾರು 7,000 ವರ್ಷ. ಈ ಉಲ್ಕೆಗೆ ಈಗ ಖಾಟಿರ್ಕಾ ಎಂದು ಹೆಸರು.

ಆ ಚೂರುಗಳನ್ನು ಓದಿದರೆ ಒಂದು ಅಪಘಾತದ ಕಥೆ ಸಿಗುತ್ತದೆ. ಬಾಹ್ಯಾಕಾಶದಲ್ಲಿ ಎರಡು ಬಂಡೆ ಡಿಕ್ಕಿ ಹೊಡೆದಿವೆ. ಕೆಲವು ಕಡೆ ಶಾಖ 1,200 ಡಿಗ್ರಿ ದಾಟಿದೆ, ಒತ್ತಡ ವಾತಾವರಣದ ಒತ್ತಡದ 50,000 ಪಟ್ಟು ಮೀರಿದೆ, ಪಕ್ಕದಲ್ಲೇ ಕೆಲವು ಕಡೆ ಏನೂ ಆಗಿಲ್ಲ. ಕರಗಿದ್ದೆಲ್ಲ ತಕ್ಷಣ ತಣಿದಿದೆ. ಇದೇ ಉಲ್ಕೆಯಲ್ಲಿ 2015ರಲ್ಲಿ ಎರಡನೇ ಕ್ವಾಸಿಕ್ರಿಸ್ಟಲ್ ಸಿಕ್ಕಿತು. ಡೆಕಾಗೊನೈಟ್ ಎಂಬ ಈ ಖನಿಜದಲ್ಲಿ ಅಲ್ಯೂಮಿನಿಯಂ, ನಿಕ್ಕಲ್, ಕಬ್ಬಿಣ ಇವೆ. ಒಂದು ದಿಕ್ಕಿನಲ್ಲಿ ಮಾಮೂಲಿ ಹರಳಿನ ಹಾಗೆ ಮರುಕಳಿಸುತ್ತದೆ, ಅದಕ್ಕೆ ಲಂಬವಾದ ಪದರಗಳಲ್ಲಿ ಮರುಕಳಿಸದ ಹತ್ತರ ಸಮಮಿತಿ. 2016ರಲ್ಲಿ ಮೂರನೆಯದು. ಅದರಲ್ಲಿ ಇರುವುದೂ ಅಲ್ಯೂಮಿನಿಯಂ, ತಾಮ್ರ, ಕಬ್ಬಿಣವೇ, ಆದರೆ ಪ್ರಮಾಣ ಬೇರೆ: 62, 31, 7. ಈ ಪಾಕ ಅದಕ್ಕೂ ಮೊದಲು ಯಾವ ಲ್ಯಾಬಿನಲ್ಲೂ ಆಗಿರಲಿಲ್ಲ. ಕಿಟ್ಟದ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ ಎನಿಸುತ್ತದೆ.

ಡಿಕ್ಕಿಯಿಂದ ಕ್ವಾಸಿಕ್ರಿಸ್ಟಲ್ ಹುಟ್ಟುತ್ತದೆಯೇ ಎಂದು ಕ್ಯಾಲ್‌ಟೆಕ್‌ನ ಪಾಲ್ ಅಸಿಮೋ ತಂಡ ಪರೀಕ್ಷಿಸಿಯೂ ನೋಡಿತು. ಉಕ್ಕಿನ ಡಬ್ಬಿಯಲ್ಲಿ ತಾಮ್ರ–ಅಲ್ಯೂಮಿನಿಯಂ ಲೋಹ ಮತ್ತು ಆಲಿವಿನ್ ಎಂಬ ಖನಿಜ ಇಟ್ಟು, ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದ ಗುಂಡು ಹೊಡೆದರು. ಕ್ವಾಸಿಕ್ರಿಸ್ಟಲ್ ಬಂತು. ಅದರಲ್ಲಿದ್ದ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಡಬ್ಬಿಯ ಉಕ್ಕಿನಿಂದಲೇ ಬಂದಿದ್ದು. ಆದರೆ ಗಮನಿಸಿ, ಇಲ್ಲಿ ಅಲ್ಯೂಮಿನಿಯಂ ಲೋಹವನ್ನು ಮೊದಲೇ ಇಟ್ಟಿದ್ದರು. ಉಲ್ಕೆಯಲ್ಲಿ ಆ ಲೋಹ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಈ ಪ್ರಯೋಗ ಉತ್ತರ ಕೊಡುವುದಿಲ್ಲ. ಡಿಕ್ಕಿಯ ಹೊಡೆತದಲ್ಲೇ ಆಮ್ಲಜನಕ ಕಳಚಿತೇ, ಅಥವಾ ಲೋಹ ಡಿಕ್ಕಿಗೂ ಮೊದಲೇ ಇತ್ತೇ? ಈ ಚರ್ಚೆ ಇನ್ನೂ ನಡೆಯುತ್ತಿದೆ. ಲೋಹದ ಭಾಗ ಮನುಷ್ಯರಿಂದ ಬೆರೆತದ್ದು ಎಂದು ಹೇಳುವ ಸಂಶೋಧಕರೂ ಕೆಲವರಿದ್ದಾರೆ. ಒಟ್ಟು ಸಾಕ್ಷಿ ನೋಡಿದರೆ ನನ್ನ ತಕ್ಕಡಿ ನಿಸರ್ಗದ ಕಡೆಗೇ ವಾಲುತ್ತದೆ.

2024ರಲ್ಲಿ ಇನ್ನೊಂದು ಸಾಕ್ಷಿ ಸೇರಿತು. ದಕ್ಷಿಣ ಇಟಲಿಯ ಕಲಾಬ್ರಿಯಾದ ಬೆಟ್ಟವೊಂದರಲ್ಲಿ ಸಿಕ್ಕ ಪುಟಾಣಿ ಉಲ್ಕಾಕಣದಲ್ಲಿ ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ, ಸಿಲಿಕಾನ್ ಸೇರಿದ ಕ್ವಾಸಿಕ್ರಿಸ್ಟಲ್ ವರದಿಯಾಯಿತು. ಚುಕೋಟ್ಕಾಕ್ಕೂ ಕಲಾಬ್ರಿಯಾಕ್ಕೂ ಸಂಬಂಧವೇ ಇಲ್ಲ. ಖಾಟಿರ್ಕಾ ಒಂದೇ ಒಂದು ವಿಚಿತ್ರ ಕಲ್ಲು ಎಂಬ ಮಾತಿನ ಬಲ ಇದರಿಂದ ಕಡಿಮೆಯಾಯಿತು.

ಪೂರ್ತಿ ನಿಸರ್ಗದ್ದೂ ಅಲ್ಲದ, ಲ್ಯಾಬಿನದ್ದೂ ಅಲ್ಲದ ಎರಡು ಉದಾಹರಣೆ ಇವೆ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ ನಡೆದಾಗ ಮರಳು, ಗೋಪುರ, ತಾಮ್ರದ ತಂತಿ ಎಲ್ಲ ಕರಗಿ ಗಾಜಾಯಿತು. ಅದರಲ್ಲಿ ಕೆಂಪು ಬಣ್ಣದ ಚೂರೊಂದರೊಳಗೆ ಸಿಲಿಕಾನ್, ತಾಮ್ರ, ಕ್ಯಾಲ್ಸಿಯಂ, ಕಬ್ಬಿಣ ಸೇರಿದ ಕ್ವಾಸಿಕ್ರಿಸ್ಟಲ್ ಇರುವುದು 2021ರಲ್ಲಿ ಪ್ರಕಟವಾಯಿತು. ಶೆಖ್ಟ್‌ಮನ್ ನೋಡುವುದಕ್ಕೂ 37 ವರ್ಷ ಮೊದಲೇ ಮನುಷ್ಯರು ಅದನ್ನು ಮಾಡಿಬಿಟ್ಟಿದ್ದರು, ಗೊತ್ತಿರಲಿಲ್ಲ ಅಷ್ಟೆ. ಇನ್ನೊಂದು ನೆಬ್ರಾಸ್ಕಾದ ಮರಳುದಿಬ್ಬದಲ್ಲಿ. ಮರಳಿನೊಳಗೆ ವಿದ್ಯುತ್ ಹರಿದು ಗಾಜಿನ ಕೊಳವೆಯಾಗಿತ್ತು. ಪಕ್ಕದಲ್ಲೇ ಕಡಿದುಬಿದ್ದ ವಿದ್ಯುತ್ ತಂತಿ ಇತ್ತು. ಹಾಗಾಗಿ ಸಿಡಿಲಿನ ಕೆಲಸವೋ, ತಂತಿಯ ಕೆಲಸವೋ ತೀರ್ಮಾನವಾಗಿಲ್ಲ. ಅದರಲ್ಲಿ ಸಿಕ್ಕ ಕ್ವಾಸಿಕ್ರಿಸ್ಟಲ್‌ಗೆ ಹನ್ನೆರಡರ ಸಮಮಿತಿ, ಮುಖ್ಯವಾಗಿ ಮ್ಯಾಂಗನೀಸ್, ಸಿಲಿಕಾನ್, ಕ್ರೋಮಿಯಂ. ಅಲ್ಯೂಮಿನಿಯಂ ತೀರಾ ಕಡಿಮೆ.

ಹಾಗಾಗಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ಗಣಿಯಲ್ಲಾಗಲಿ ಬಂಡೆಯ ಪೊಟರೆಯಲ್ಲಾಗಲಿ ಹುಡುಕಬೇಡಿ ಎನ್ನುತ್ತೇನೆ. ನಿಮ್ಮ ಪೈರೈಟ್ ಹಾಗೆ ನಿಧಾನವಾಗಿ ಬೆಳೆದ ಕ್ವಾಸಿಕ್ರಿಸ್ಟಲ್ ಖನಿಜ ಇದುವರೆಗೆ ಒಂದೂ ಸಿಕ್ಕಿಲ್ಲ. ಸಿಕ್ಕ ಕಡೆಯೆಲ್ಲ ಭಯಂಕರ ಹೊಡೆತ ಇಲ್ಲವೇ ಭಾರೀ ಶಾಖ, ಅದರ ಹಿಂದೆಯೇ ದಿಢೀರ್ ತಣಿವು. ಸಿಕ್ಕ ಕಣಗಳೂ ಕಣ್ಣಿಗೆ ಕಾಣುವಂಥವಲ್ಲ. ಮೊದಲು ಸಿಕ್ಕ ಐಕೊಸಾಹೆಡ್ರೈಟ್ ಕಣ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅದಕ್ಕೆ ಅಂದವಾದ ಮುಖಗಳೂ ಇರಲಿಲ್ಲ.

ಯಾರಾದರೂ ಕೈಯಗಲದ ಹರಳು ತೋರಿಸಿ ನೈಸರ್ಗಿಕ ಕ್ವಾಸಿಕ್ರಿಸ್ಟಲ್ ಎಂದು ಮಾರಲು ಬಂದರೆ ಎರಡು ವಿಷಯ ಕೇಳಿ. ಎಲೆಕ್ಟ್ರಾನ್ ಚುಕ್ಕೆ ಚಿತ್ರ ಎಲ್ಲಿ? ಯಾವ ಉಲ್ಕೆಯ ಚೂರು? ಎರಡಕ್ಕೂ ಉತ್ತರ ಇಲ್ಲದಿದ್ದರೆ ಅದು ಲ್ಯಾಬಿನ ಮಿಶ್ರಲೋಹ, ಇಲ್ಲವೇ ನಿಮ್ಮದರ ಹಾಗೆ ಒಂದು ಒಳ್ಳೆಯ ಪೈರೈಟ್.